ಸ್ನೇಹ ಮಾಡೋದನ್ನೂ ಕ್ಲಾಸಿಗೆ ಹೋಗಿ ಕಲಿಯಬೇಕಾ?

ಪ್ರಶ್ನೆ: ನಮ್ಮದು ಗಂಗಾವತಿ. ಮಗನಿಗೆ 13 ವರ್ಷ, ಇಂಗ್ಲಿಷ್ ಮೀಡಿಯಂನಲ್ಲಿ 8ನೇ ಕ್ಲಾಸು. ಓದಿನಲ್ಲಿ ತೊಂದರೆ ಇಲ್ಲ, ಗಣಿತದಲ್ಲಿ ಯಾವಾಗಲೂ ಮುಂದೆ. ಆದರೆ ಅವನಿಗೆ ಒಬ್ಬ ಗೆಳೆಯನೂ ಇಲ್ಲ. ಯಾರೇ ಸಿಕ್ಕರೂ ರೈಲಿನ ವಿಷಯ ಶುರು ಮಾಡುತ್ತಾನೆ. ಹಂಪಿ ಎಕ್ಸ್‌ಪ್ರೆಸ್ ಯಾವ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಬರುತ್ತೆ, ಎಷ್ಟು ನಿಮಿಷ ನಿಲ್ಲುತ್ತೆ, ಎಲ್ಲ ಬಾಯಿಪಾಠ. ಕೇಳುವವರು ಬೇಸತ್ತು ಎದ್ದು ಹೋದರೂ ಇವನಿಗೆ ಗೊತ್ತಾಗಲ್ಲ. ಕ್ಲಾಸಿನ ಹುಡುಗರು 'ಟೈಮ್ ಟೇಬಲ್' ಅಂತ ಹೆಸರಿಟ್ಟಿದ್ದಾರೆ. ಹೋದ ತಿಂಗಳು ಯಾರೋ ಹೇಳಿಕೊಟ್ಟ ಕೆಟ್ಟ ಮಾತನ್ನು ಟೀಚರ್ ಮುಂದೆ ಹಾಗೇ ಹೇಳಿ ಬೈಸಿಕೊಂಡು ಬಂದ. ಅದು ಕೆಟ್ಟ ಮಾತು ಅಂತಲೇ ಅವನಿಗೆ ಗೊತ್ತಿರಲಿಲ್ಲ. ನಮ್ಮ ಅತ್ತೆ 'ಅವರಪ್ಪನೂ ಹಿಂಗೇ ಇದ್ದ, ದೊಡ್ಡಾವ ಆದ್ರ ಸರಿ ಹೋಗ್ತಾನ ಬಿಡು' ಅಂತಾರೆ. ಬಳ್ಳಾರಿಯಲ್ಲಿ ಒಂದು ಕಡೆ ಪ್ರತಿ ಭಾನುವಾರ 'ಸೋಷಿಯಲ್ ಸ್ಕಿಲ್ಸ್ ಗ್ರೂಪ್' ನಡೆಸುತ್ತಾರಂತೆ, 12 ವಾರ. ಕಳಿಸೋಣವೇ? ಅಲ್ಲಿಗೆ ಬರುವ ಬೇರೆ ಮಕ್ಕಳನ್ನು ನೋಡಿ ಇನ್ನೂ ಕೆಟ್ಟರೆ? ಬುದ್ಧಿಮಾಂದ್ಯ ಅಂತ ಹೆಸರು ಬಂದರೆ? ಅಷ್ಟಕ್ಕೂ ಸ್ನೇಹ ಮಾಡೋದನ್ನು ದುಡ್ಡು ಕೊಟ್ಟು ಕಲಿಯೋಕೆ ಆಗುತ್ತಾ?
– ಒಬ್ಬ ತಾಯಿ, ಗಂಗಾವತಿ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಕೆಟ್ಟ ಮಾತಿನ ಘಟನೆ. ರೈಲಿನ ಮಾತು ಜಾಸ್ತಿ ಅನ್ನುವುದು ದೊಡ್ಡ ವಿಷಯವಲ್ಲ. ಆದರೆ ಹುಡುಗರು ನಗುತ್ತಿರುವುದು ತನ್ನ ಜೊತೆಗಲ್ಲ, ತನ್ನನ್ನು ನೋಡಿ ಅನ್ನುವುದು 13 ವರ್ಷದ ಹುಡುಗನಿಗೆ ಗೊತ್ತಾಗದಿದ್ದರೆ, ಅವನಿಗೆ ಸಹಾಯ ಬೇಕು. ಕಾಯುತ್ತಾ ಕೂರುವುದು ಬೇಡ. ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಈ ಸ್ವಭಾವ ಮನೆತನದಲ್ಲಿ ಬರುವುದುಂಟು, ಅಪ್ಪನಂತೆ ಮಗ ಇರಬಹುದು. ಆದರೆ ಅಪ್ಪ ಬೆಳೆದ ಕಾಲಕ್ಕೆ ಓಣಿ ತುಂಬ ಮಕ್ಕಳಿದ್ದರು, ಅಣ್ಣ ತಮ್ಮ, ಕಾಕಾನ ಮಕ್ಕಳು ಕೈ ಹಿಡಿದು ಆಟಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಈಗ ಸ್ಕೂಲು, ವ್ಯಾನು, ಟ್ಯೂಷನ್ನು, ಮೊಬೈಲು. ಸುಮ್ನೆ ಇದ್ದರೆ ತಾನಾಗೇ ಕಲಿಯುವ ಜಾಗವೇ ಕಮ್ಮಿಯಾಗಿದೆ.

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸ್ನೇಹವನ್ನು ಯಾರೂ ಕಲಿಸಲಾರರು. ಆದರೆ ಸ್ನೇಹದ ಬಾಗಿಲವರೆಗೆ ಹೋಗುವ ದಾರಿಯನ್ನು ಕಲಿಸಬಹುದು. ಆಡುತ್ತಿರುವವರ ಮಧ್ಯೆ ಸೇರಿಕೊಳ್ಳುವುದು ಹೇಗೆ, ಎದುರಿನವನಿಗೆ ಬೇಜಾರಾಗಿದೆ ಅಂತ ತಿಳಿಯುವುದು ಹೇಗೆ, ಯಾರಾದರೂ ಕಿಚಾಯಿಸಿದರೆ ಏನು ಹೇಳಬೇಕು, ಇವೆಲ್ಲ ಕಲಿಯುವಂಥವೇ. ಹೆಚ್ಚಿನ ಮಕ್ಕಳು ನೋಡಿ ನೋಡಿ ಕಲಿಯುತ್ತಾರೆ. ಕೆಲವು ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ, ಅಷ್ಟೇ.

ಆದರೆ ಗುಂಪಿಗೆ ಸೇರಿಸುವ ಮುಂಚೆ ಒಂದು ಕೆಲಸ ಆಗಲೇಬೇಕು. ಅವನು ಯಾಕೆ ಒಂಟಿ ಅನ್ನುವುದು ತಿಳಿಯಬೇಕು. ನನ್ನ ಹತ್ತಿರ ಬರುವ ಅಪ್ಪ ಅಮ್ಮ ಎಲ್ಲರೂ ಒಂದೇ ಮಾತು ಹೇಳುತ್ತಾರೆ: 'ಯಾರ ಜೊತಿಗೂ ಬೆರೆಯಲ್ಲ ಸರ್.' ಆದರೆ ಒಳಗಿನ ಕಾರಣ ಒಬ್ಬೊಬ್ಬರಿಗೆ ಒಂದೊಂದು. ಒಬ್ಬನಿಗೆ ಬೆರೆಯುವುದು ಹೇಗೆಂದು ಗೊತ್ತಿಲ್ಲ. ಇನ್ನೊಬ್ಬಳಿಗೆ ಎಲ್ಲಾ ಗೊತ್ತು, ಆದರೆ ಬಾಯಿ ತೆರೆಯುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ. ಮೂರನೆಯವನಿಗೆ ಗೊತ್ತೂ ಇದೆ, ಹೆದರಿಕೆಯೂ ಇಲ್ಲ, ಆದರೆ ತಾಳ್ಮೆ ಇಲ್ಲ. ತನ್ನ ಸರದಿ ಬರುವ ಮುಂಚೆ ಬ್ಯಾಟ್ ಕಸಿದುಕೊಳ್ಳುತ್ತಾನೆ. ಅದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ದುಡುಕುವ ತೊಂದರೆ ಇರಬಹುದು. ಅವನಿಗೆ ಗುಂಪಿಗಿಂತ ಮೊದಲು ಬೇರೆ ಚಿಕಿತ್ಸೆ ಬೇಕು. ಒಂದು ಕಿವಿ ಸರಿಯಾಗಿ ಕೇಳಿಸದೆ, ಗದ್ದಲದಲ್ಲಿ ಯಾರು ಏನಂದರು ಅಂತ ತಿಳಿಯದೆ ದೂರ ಉಳಿದ ಮಕ್ಕಳನ್ನೂ ನೋಡಿದ್ದೇನೆ. ನಮ್ಮ ಕಡೆ ಭಾಷೆಯ ತೊಡಕೂ ಇದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಕ್ಯಾಂಪಿನ (ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನ) ಮಗು ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್ ಸಂಭಾಳಿಸಬೇಕು. ಕೆಲವು ಮಕ್ಕಳು ಮೂರರ ಮಧ್ಯೆ ಮೌನವಾಗುತ್ತಾರೆ. ಅದು ಕಾಯಿಲೆಯಲ್ಲ.

ಇನ್ನು ಕೆಲವು ಮಕ್ಕಳಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಕ್ಲಾಸಿನವರು ಸೇರಿ ಹಿಂಸೆ ಕೊಡುತ್ತಿರುತ್ತಾರೆ. ಅಂಥ ಮಗುವನ್ನು ತಂದು 'ಸ್ಕಿಲ್ಸ್' ಕಲಿಸುವುದು ಅನ್ಯಾಯ. ಅಲ್ಲಿ ಬದಲಾಗಬೇಕಾದದ್ದು ಕ್ಲಾಸು.

ಹೆಣ್ಣುಮಕ್ಕಳ ಬಗ್ಗೆಯೂ ಇಲ್ಲೇ ಒಂದು ಮಾತು. ಹುಡುಗ ಮಾತಾಡದಿದ್ದರೆ ನಾವು ಡಾಕ್ಟರ ಹತ್ತಿರ ಓಡುತ್ತೇವೆ. ಹುಡುಗಿ ಮಾತಾಡದಿದ್ದರೆ 'ಎಷ್ಟು ಶಾಂತ ಅದಾಳ' ಅಂತ ಹೊಗಳುತ್ತೇವೆ. ರಾಯಚೂರು, ಕೊಪ್ಪಳದಿಂದ ನನ್ನ ಹತ್ತಿರ ಬಂದ ಹೆಚ್ಚಿನ ಹುಡುಗಿಯರು ಪಿಯುಸಿಗೆ ಬಂದ ಮೇಲೆ, ಊಟ ಬಿಟ್ಟು ಕಾಲೇಜು ಬಿಟ್ಟ ಮೇಲೆ ಬಂದವರು. ಅಷ್ಟು ವರ್ಷ ಪಕ್ಕದವಳನ್ನು ನೋಡಿ ನಕಲು ಮಾಡುತ್ತಾ ಹೇಗೋ ದಿನ ತಳ್ಳಿರುತ್ತಾರೆ.

ನಿಮ್ಮ ಮಗನ ವಿಷಯಕ್ಕೆ ಬರೋಣ. ಒಂದೇ ವಿಷಯದಲ್ಲಿ ಆಳವಾದ ಆಸಕ್ತಿ, ಎದುರಿನವರ ಮುಖಭಾವ ತಿಳಿಯದಿರುವುದು, ಹೇಳಿಕೊಟ್ಟದ್ದನ್ನು ನಂಬಿಬಿಡುವುದು, ಇವನ್ನು ಓದಿದಾಗ ಆಟಿಸಂ (ಬೆರೆಯುವ, ಮಾತಾಡುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ) ಇದೆಯಾ ಅಂತ ಒಮ್ಮೆ ಪರೀಕ್ಷಿಸಬೇಕು ಅನಿಸುತ್ತದೆ. ಪತ್ರ ಓದಿ ಹೌದು, ಅಲ್ಲ ಅಂತ ಹೇಳುವುದು ತಪ್ಪು, ಹೇಳುವುದೂ ಇಲ್ಲ. ಇದ್ದರೂ ಅದು ಬುದ್ಧಿಮಾಂದ್ಯತೆ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ, ಬುದ್ಧಿಮಾಂದ್ಯತೆ ಎರಡೂ ಬೇರೆ ಬೇರೆಯಾಗೇ ಇವೆ. ಗಣಿತದಲ್ಲಿ ಮುಂದಿರುವ ಹುಡುಗನಿಗೂ ಆಟಿಸಂ ಇರಬಹುದು. ಹೆಸರಿಗೆ ಹೆದರುವ ಅಮ್ಮಂದಿರಿಗೆ ನಾನು ಹೇಳುವುದು ಒಂದೇ: ನಿಮ್ಮ ಮಗನಿಗೆ ಕ್ಲಾಸಿನವರು ಆಗಲೇ ಒಂದು ಹೆಸರು ಇಟ್ಟಾಗಿದೆ. ಡಾಕ್ಟರ್ ಕೊಡುವ ಹೆಸರು ಫೈಲಿನಲ್ಲಿ ಇರುತ್ತದೆ, ಯಾರಿಗೆ ಹೇಳಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ, ಸಹಾಯಕ್ಕೆ ದಾರಿಯಾಗುತ್ತದೆ.

ಇದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಶೀಘ್ರ ಪತ್ತೆ ಮತ್ತು ಚಿಕಿತ್ಸೆಯ ಕೇಂದ್ರಗಳಿವೆ, ಜನ ಡಿಇಐಸಿ ಅನ್ನುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಮನೋವೈದ್ಯರ ವಿಭಾಗಕ್ಕೆ ಹೋಗಲು ನಾಚಿಕೆ ಬೇಡ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ತರಲು ಆರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯನ್ನು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದೂ ಆ 'ಬಳ್ಳಾರಿ ಮಾದರಿ'ಯನ್ನು ನೋಡಿಯೇ. ಈ ಭಾಗದವರು ಇಡೀ ದೇಶಕ್ಕೆ ತೋರಿಸಿದ ದಾರಿ ಅದು. ಆಸ್ಪತ್ರೆಗೆ ಹೋದಾಗ ಕಿವಿ ಪರೀಕ್ಷೆಯನ್ನೂ ಮಾಡಿಸಿಬಿಡಿ.

ಈಗ ಗುಂಪಿನ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಚೆನ್ನಾಗಿ ನಡೆಯುವ ಗುಂಪಿನಲ್ಲಿ ಐದರಿಂದ ಎಂಟು ಮಕ್ಕಳು, ಹೆಚ್ಚುಕಮ್ಮಿ ಒಂದೇ ವಯಸ್ಸಿನವರು. ಪ್ರತಿ ವಾರ ಒಂದೇ ವಿಷಯ. ಮೊದಲು ನಡೆಸುವವರು ಮಾಡಿ ತೋರಿಸುತ್ತಾರೆ, ತಪ್ಪಾಗಿಯೂ ಮಾಡಿ ತೋರಿಸುತ್ತಾರೆ. ಆಮೇಲೆ ಮಕ್ಕಳು ಮಾಡುತ್ತಾರೆ. ಆಮೇಲೆ ಮನೆಗೆ ಒಂದು ಕೆಲಸ ಕೊಡುತ್ತಾರೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲಾಗಿಸನ್ ಮತ್ತು ಫ್ರೆಡ್ ಫ್ರಾಂಕೆಲ್ ರೂಪಿಸಿದ 'ಪಿಯರ್ಸ್' ಎಂಬ ಕಾರ್ಯಕ್ರಮ ಹದಿಹರೆಯದವರಿಗೆ ಹೆಸರುವಾಸಿ. ಅದರ 2010ರ ಕೈಪಿಡಿಯಲ್ಲಿ 14 ವಾರ. ಮಕ್ಕಳು ಒಂದು ಕೋಣೆಯಲ್ಲಿ ಕಲಿಯುವಾಗ ಅಪ್ಪ ಅಮ್ಮ ಪಕ್ಕದ ಕೋಣೆಯಲ್ಲಿ ಅದನ್ನೇ ಕಲಿಯುತ್ತಾರೆ. ಅದರಲ್ಲಿ ನನಗೆ ಹಿಡಿಸಿದ್ದು ಆ ಎರಡನೇ ಕೋಣೆ.

ನಾನು ನಡೆಸುವ ಇಂಥದೇ ಗುಂಪಿನ ಒಂದು ಭಾನುವಾರದ ಕಥೆ ಹೇಳುತ್ತೇನೆ. ಐದು ಹುಡುಗರು, ಕೆಲಸ ಒಗ್ಗಾಣಿ ಮಾಡುವುದು. ಒಬ್ಬ ಮಂಡಕ್ಕಿ ನೆನೆಸಿ ಹಿಂಡಬೇಕು. ಒಬ್ಬ ಈರುಳ್ಳಿ ಹೆಚ್ಚಬೇಕು. ಒಬ್ಬ ಪುಟಾಣಿ ಹಿಟ್ಟು ಅಳೆಯಬೇಕು. ಒಲೆಯ ಮುಂದೆ ಇನ್ನೊಬ್ಬ, ನನ್ನ ಜೊತೆ. ಐದನೆಯವನು ಮೇಸ್ತ್ರಿ, ಅವನು ಏನನ್ನೂ ಮುಟ್ಟುವಂತಿಲ್ಲ, ಬಾಯಲ್ಲಿ ಮಾತ್ರ ಹೇಳಬೇಕು. ಮಂಡಕ್ಕಿ ಹಿಂಡುವವನು ನೀರಲ್ಲೇ ಬಿಟ್ಟುಬಿಟ್ಟ, ಗಂಜಿಯಾಗತೊಡಗಿತು. ಮೇಸ್ತ್ರಿ ಹುಡುಗ ಸಿಟ್ಟಿನಿಂದ ಕೈ ಹಾಕಲು ಬಂದ, ನೆನಪಾಗಿ ಕೈ ಹಿಂದೆ ತೆಗೆದುಕೊಂಡ. ಎರಡು ಸಲ ಉಸಿರು ಬಿಟ್ಟು, 'ಲೇ, ಸಾಕು, ಹಿಂಡಲೇ' ಅಂದ. ಆ ಹುಡುಗ ತಲೆ ಎತ್ತಿ ನೋಡಿ ಹಿಂಡಿದ. ಅಷ್ಟೇ ಆದದ್ದು. ಆ ಮೇಸ್ತ್ರಿ ಹುಡುಗ ಅದುವರೆಗೆ ಸಿಟ್ಟು ಬಂದಾಗ ಬಾಯಲ್ಲಿ ಹೇಳಿದ್ದೇ ಇರಲಿಲ್ಲ, ದಬ್ಬುತ್ತಿದ್ದ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು ಒಟ್ಟಿಗೆ ಏನನ್ನಾದರೂ ಕಟ್ಟಿಸುವ ಯೋಚನೆ ನನ್ನದಲ್ಲ. ಡೇನಿಯಲ್ ಲೆಗಾಫ್ ಎಂಬ ಮನಶ್ಶಾಸ್ತ್ರಜ್ಞರು ಲೆಗೋ ಇಟ್ಟಿಗೆಗಳಿಂದ ಮಾಡಿ 2004ರಲ್ಲಿ ಬರೆದಿದ್ದರು. ನಮ್ಮ ಮಕ್ಕಳಿಗೆ ಒಗ್ಗಾಣಿ ಸಾಕಾಯಿತು.

ಇದೆಲ್ಲ ಕೆಲಸ ಮಾಡುತ್ತದಾ? ಸ್ವಲ್ಪ ಮಾಡುತ್ತದೆ, ಕೆಲವರಿಗೆ ಚೆನ್ನಾಗಿ ಮಾಡುತ್ತದೆ. ಆಟಿಸಂ ಇರುವ 6ರಿಂದ 21 ವರ್ಷದವರ ಮೇಲೆ ನಡೆದ ಪ್ರಯೋಗಗಳನ್ನು ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆಯಲ್ಲಿ ಒಟ್ಟು ಮಾಡಿ ನೋಡಿದರು. ಸಿಕ್ಕಿದ್ದು ಐದೇ ಪ್ರಯೋಗ, 196 ಜನ, ಎಲ್ಲಾ ಅಮೆರಿಕದಲ್ಲಿ ನಡೆದವು. ಬೆರೆಯುವ ಸಾಮರ್ಥ್ಯದಲ್ಲಿ, ಸ್ನೇಹದ ಗುಣಮಟ್ಟದಲ್ಲಿ ಸುಧಾರಣೆ ಕಂಡಿತು. ಮುಖ ನೋಡಿ ಭಾವನೆ ಗುರುತಿಸುವುದರಲ್ಲಿ ಹೇಳಿಕೊಳ್ಳುವಂಥದ್ದು ಕಾಣಲಿಲ್ಲ. 12 ವಾರದಲ್ಲಿ ಹುಡುಗ ಬದಲಾಗುತ್ತಾನೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ದೊಡ್ಡ ಸಮಸ್ಯೆ ಬೇರೆ ಇದೆ. ಕೋಣೆಯಲ್ಲಿ ಕಲಿತದ್ದು ಕೋಣೆಯಲ್ಲೇ ಉಳಿಯುತ್ತದೆ. ಇದನ್ನು ನಾನು ಒಬ್ಬ ಹುಡುಗನ ನೋವಿನಿಂದ ಕಲಿತೆ. ಶುರುವಿನ ವರ್ಷಗಳಲ್ಲಿ, ಆಟಕ್ಕೆ ಸೇರಿಕೊಳ್ಳಲು 'ನಾನೂ ನಿಮ್ಮ ಜೊತೆ ಆಡಬಹುದಾ?' ಅಂತ ಕೇಳುವುದನ್ನು ಅವನಿಗೆ ಕಲಿಸಿದ್ದೆ. ಕೋಣೆಯಲ್ಲಿ ಮುತ್ತಿನಂತೆ ಹೇಳುತ್ತಿದ್ದ. ಮೈದಾನದಲ್ಲಿ ಹೋಗಿ ಹಾಗೇ ಹೇಳಿದ. ಆಟ ನಿಂತುಹೋಯಿತು, ಎಲ್ಲರೂ ನಕ್ಕರು, ಒಂದು ವಾರ ಆ ವಾಕ್ಯವನ್ನೇ ಆಡಿಕೊಂಡರು. ತಪ್ಪು ಅವನದಲ್ಲ, ನನ್ನದು. ನಮ್ಮ ಕಡೆ ಯಾವ ಹುಡುಗ ಹಾಗೆ ಅನುಮತಿ ಕೇಳುತ್ತಾನೆ?

ಆಮೇಲೆ ನಾನೇ ಸಂಜೆ ಹೋಗಿ ಮೈದಾನದ ಅಂಚಿನಲ್ಲಿ ಕೂತು ನೋಡಿದೆ. ಹೊಸ ಹುಡುಗ ಬಂದವನು ಮೊದಲು ಸುಮ್ನೆ ನಿಲ್ಲುತ್ತಾನೆ. ಬೌಂಡರಿ ಕಡೆಗೆ. ಚೆಂಡು ತನ್ನ ಕಡೆ ಬಂದರೆ ಓಡಿ ಎತ್ತಿ ಎಸೆಯುತ್ತಾನೆ. ಒಂದು ಒಳ್ಳೆ ಹೊಡೆತಕ್ಕೆ 'ಚಲೋ ಹೊಡದಿ ಬಿಡಲೇ' ಅಂತಾನೆ. ಓವರ್ ಮುಗಿದ ಮೇಲೆ ಬ್ಯಾಟ್ ಹಿಡಿದವನಿಗಲ್ಲ, ಗುರುತಿರುವ ಒಬ್ಬನಿಗೆ 'ನನ್ನೂ ಹಾಕ್ಕೊಳ್ರಲೇ' ಅಂತಾನೆ. ಅವರು ಬೇಡ ಅಂದರೆ ಜಗಳ ಮಾಡದೆ ಇನ್ನೊಂದು ಓವರ್ ನಿಲ್ಲುತ್ತಾನೆ. ನೋಡುವುದು, ಕೇಳುವುದು, ಸಂದಿಗೆ ಕಾಯುವುದು, ಆಮೇಲೆ ಅವರ ಮಾತಿನ ದಾರಿಯಲ್ಲೇ ಒಳಗೆ ಹೋಗುವುದು. ಪಿಯರ್ಸ್‌ನಂಥ ಕಾರ್ಯಕ್ರಮಗಳೂ ಇದನ್ನೇ ಕಲಿಸುತ್ತವೆ. ಆದರೆ ಆ 'ಲೇ' ಯಾವ ಪುಸ್ತಕದಲ್ಲೂ ಇಲ್ಲ. ಓರಗೆಯವನಿಗೆ ಲೇ ಅಂದರೆ ಸಲಿಗೆ. ಎರಡು ವರ್ಷ ದೊಡ್ಡವನಿಗೆ ಅಂದರೆ ಪೆಟ್ಟು ಬೀಳಬಹುದು, ಅವನಿಗೆ 'ಅಣ್ಣ' ಅನ್ನಬೇಕು. ನಿಮ್ಮ ಮಗನಂಥವರಿಗೆ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿಕೊಡಬೇಕು. ಹೇಳಿದರೆ ಅವರು ರೈಲಿನ ವೇಳಾಪಟ್ಟಿಯಷ್ಟೇ ಚೆನ್ನಾಗಿ ನೆನಪಿಡುತ್ತಾರೆ.

ಕಿಚಾಯಿಸುವುದಕ್ಕೂ ಹೀಗೇ. ನಾವು ದೊಡ್ಡವರು 'ಕಿವಿಗೆ ಹಾಕ್ಕೋಬ್ಯಾಡ' ಅಥವಾ 'ಟೀಚರ್‌ಗೆ ಹೇಳು' ಅಂತೇವೆ. ಸಣ್ಣಪುಟ್ಟ ಕಿಚಾಯಿಸುವಿಕೆಗೆ ಎರಡೂ ಜಾಸ್ತಿ ಕೆಲಸ ಮಾಡುವುದಿಲ್ಲ. 'ಟೈಮ್ ಟೇಬಲ್' ಅಂದಾಗ ಅಳದೆ, ಬೈಯದೆ, 'ಹೌದು, ಏನೀಗ?' ಅಂತ ಹೇಳಿ ಬೇರೆ ಕಡೆ ತಿರುಗುವುದನ್ನು ಮನೆಯಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿಸಿ. ಹೊಡೆತ, ಹಣ ಕೀಳುವುದು, ಮೈ ಮುಟ್ಟುವುದು ಇದ್ದರೆ ಮಾತ್ರ ಈ ಉಪಾಯ ಬೇಡವೇ ಬೇಡ. ನೇರ ನೀವೇ ಶಾಲೆಗೆ ಹೋಗಿ.

ಗುಂಪಿನಿಂದ ಕೆಡುಕೂ ಆಗಬಹುದು, ನಿಮ್ಮ ಭಯ ಸುಳ್ಳಲ್ಲ. ಪುಂಡಾಟಿಕೆ ಜಾಸ್ತಿ ಇರುವ ಹದಿಹರೆಯದವರನ್ನೇ ಒಂದು ಕಡೆ ಕೂಡಿಸಿದರೆ ಒಬ್ಬರಿಂದ ಒಬ್ಬರು ಕೆಟ್ಟದ್ದನ್ನು ಕಲಿಯುತ್ತಾರೆ ಅನ್ನುವುದನ್ನು ಸಂಶೋಧಕ ಥಾಮಸ್ ಡಿಷನ್ ಮತ್ತು ಜೊತೆಗಾರರು 1999ರಲ್ಲೇ ತೋರಿಸಿಕೊಟ್ಟರು. ನಂಬಿಬಿಡುವ ನಿಮ್ಮ ಹುಡುಗನನ್ನು ಅಂಥ ಗುಂಪಿಗೆ ಹಾಕಬಾರದು. ತನ್ನಂಥದೇ ಇನ್ನೊಬ್ಬ ಹುಡುಗನನ್ನು ನೋಡಿ ಕೆಡುತ್ತಾನೆ ಅನ್ನುವುದು ಮಾತ್ರ ಸುಳ್ಳು. 'ನನ್ನ ಹಂಗ ಇನ್ನೊಬ್ಬ ಅದಾನ' ಅಂತ ತಿಳಿದ ದಿನ ಈ ಮಕ್ಕಳ ಮುಖ ಅರಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇನ್ನೊಂದು ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಕೆಲವು ಕಡೆ ಮಗುವಿಗೆ ಬರೀ ನಟನೆ ಕಲಿಸುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡು, ನಗು, ಕೈ ಅಲ್ಲಾಡಿಸಬೇಡ, ರೈಲಿನ ಸುದ್ದಿ ಎತ್ತಲೇಬೇಡ. ದಿನವಿಡೀ ಹಾಗೆ ತನ್ನನ್ನು ಮುಚ್ಚಿಟ್ಟುಕೊಂಡು ಬದುಕುವ ಮಕ್ಕಳಿಗೆ ದಣಿವು, ಆತಂಕ, ಖಿನ್ನತೆ ಬರಬಹುದು. ಕಣ್ಣು ನೋಡಿ ಮಾತಾಡು ಅಂತ ನಾನು ಯಾವ ಮಗುವಿಗೂ ಒತ್ತಾಯ ಮಾಡುವುದಿಲ್ಲ. ಅಲ್ಲಾ, ನಮ್ಮ ಮನೆಗಳಲ್ಲೇ ಹಿರಿಯರ ಮುಂದೆ ತಲೆ ತಗ್ಗಿಸಿ ಮಾತಾಡು ಅಂತ ಕಲಿಸುತ್ತೇವೆ, ಅಲ್ವಾ?

ಹಾಗಾಗಿ ಬಳ್ಳಾರಿಯವರಿಗೆ ಫೋನ್ ಮಾಡಿದಾಗ ಕೆಲವು ವಿಷಯ ಕೇಳಿ. ನಡೆಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಅಥವಾ ವಿಶೇಷ ಶಿಕ್ಷಕರಾ? ಸೇರಿಸಿಕೊಳ್ಳುವ ಮುಂಚೆ ಮಗುವನ್ನು ಒಂಟಿಯಾಗಿ ಕೂರಿಸಿ ನೋಡುತ್ತಾರಾ, ಅಥವಾ ಫೀಸು ಕಟ್ಟಿದವರೆಲ್ಲರಿಗೂ ಬಾಗಿಲು ತೆರೆದಿದೆಯಾ? 7 ವರ್ಷದವರನ್ನೂ 15 ವರ್ಷದವರನ್ನೂ ಒಟ್ಟಿಗೆ ಕೂಡಿಸುತ್ತಾರಾ? ಯಾವ ಭಾಷೆಯಲ್ಲಿ ನಡೆಸುತ್ತಾರೆ? ಎಲ್ಲಕ್ಕಿಂತ ಮುಖ್ಯ, ನಿಮಗೇನು ಕಲಿಸುತ್ತಾರೆ? 'ನೀವು ಹೊರಗೆ ಕೂತಿರಿ ಮೇಡಂ' ಅಂದರೆ ನನಗೆ ಆ ಗುಂಪು ಬೇಡ. ಮಗನನ್ನೂ ಒಂದು ಮಾತು ಕೇಳಿ. 13 ವರ್ಷದವನನ್ನು ಸುಳ್ಳು ಹೇಳಿ ಕರೆದುಕೊಂಡು ಹೋದರೆ ಎರಡನೇ ವಾರಕ್ಕೆ ಬರುವುದಿಲ್ಲ. ಓಡಾಟದ ಲೆಕ್ಕವನ್ನೂ ಹಾಕಿ. ಹೋಗಿ ಬರುವುದರಲ್ಲೇ ಭಾನುವಾರ ಮುಗಿಯುತ್ತದೆ, ಹೊಳೆ ತುಂಬಿ ಕಂಪ್ಲಿ ಸೇತುವೆ ಮುಳುಗಿದರೆ ಇನ್ನೂ ಸುತ್ತಬೇಕು. ಅಷ್ಟು ದಣಿದ ಹುಡುಗ ಏನು ಕಲಿಯುತ್ತಾನೆ ಅನ್ನುವುದನ್ನೂ ಯೋಚಿಸಿ.

ನೀವು ನನ್ನ ತಂಗಿಯಾಗಿದ್ದರೆ ನಾನು ಹೇಳುತ್ತಿದ್ದದ್ದು ಇದು. ಮೊದಲು ಪರೀಕ್ಷೆ. ಆತಂಕ, ಗಮನದ ತೊಂದರೆ ಇದ್ದರೆ ಅದಕ್ಕೆ ಚಿಕಿತ್ಸೆ. ಮೇಲಿನ ಪ್ರಶ್ನೆಗಳಿಗೆ ಒಳ್ಳೆ ಉತ್ತರ ಸಿಕ್ಕರೆ ನಾಲ್ಕು ವಾರ ಕಳಿಸಿ ನೋಡಿ. ಇಲ್ಲದಿದ್ದರೆ ಬಿಡಿ, ಗುಂಪಿಲ್ಲದೆಯೂ ದಾರಿ ಇದೆ. 2012ರಲ್ಲಿ ಸಂಶೋಧಕಿ ಕಾನಿ ಕಸಾರಿ ಮತ್ತು ಜೊತೆಗಾರರು ಮಾಮೂಲಿ ಶಾಲೆಗಳಲ್ಲಿ ಓದುವ ಆಟಿಸಂ ಇರುವ 60 ಮಕ್ಕಳನ್ನು ನೋಡಿದರು. ಮಗುವಿಗೆ ನೇರ ಕಲಿಸಿದ್ದಕ್ಕಿಂತ, ಅದರ ಕ್ಲಾಸಿನ ಮೂರ್ನಾಲ್ಕು ಮಕ್ಕಳಿಗೆ 'ಒಂಟಿಯಾಗಿರುವವರನ್ನು ಹೇಗೆ ಸೇರಿಸಿಕೊಳ್ಳಬೇಕು' ಅಂತ ಕಲಿಸಿದ್ದು ಜಾಸ್ತಿ ಫಲ ಕೊಟ್ಟಿತು. ಇದನ್ನು ಕ್ಲಾಸ್ ಟೀಚರ್‌ಗೆ ಹೇಳಿ. ಒಳ್ಳೆ ಮನಸ್ಸಿನ ಇಬ್ಬರು ಹುಡುಗರ ಮಧ್ಯೆ ಅವನನ್ನು ಕೂರಿಸಲಿ, ಗಣಿತದಲ್ಲಿ ಒಬ್ಬನಿಗೆ ಹೇಳಿಕೊಡುವ ಕೆಲಸ ಕೊಡಲಿ. ಕೆಟ್ಟ ಮಾತು ಕಲಿಸಿದವರ ವಿಷಯವನ್ನೂ ಅವರ ಕಿವಿಗೆ ಹಾಕಿ.

ಮಗ ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದರೆ, ನಿದ್ದೆ ಊಟ ಕೆಟ್ಟರೆ, 'ನಾನು ಇರಬಾರದಿತ್ತು' ಅನ್ನುವಂಥ ಮಾತು ಬಂದರೆ ಗುಂಪಿಗೂ ಕಾಯಬೇಡಿ, ಪರೀಕ್ಷೆಯ ದಿನಕ್ಕೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪರೀಕ್ಷೆಗೆ ಎಷ್ಟು ದಿನವಾದರೂ ಆಗಲಿ, ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಒಬ್ಬನೇ ಒಬ್ಬ ಹುಡುಗನನ್ನು ಮನೆಗೆ ಕರೆಯಿರಿ. ನೆಂಟರ ಹುಡುಗನಾದರೂ ಸರಿ, ಒಂದು ವರ್ಷ ಚಿಕ್ಕವನಾದರೂ ಸರಿ. ಮೂವರು ಬೇಡ, ಇಬ್ಬರು ಒಂದಾಗಿ ಇವನು ಉಳಿದುಬಿಡುತ್ತಾನೆ. ಏನು ಆಡುವುದು ಅಂತ ಮುಂಚೆಯೇ ಗೊತ್ತು ಮಾಡಿಕೊಳ್ಳಿ, ಕೇರಂ ಆಗಬಹುದು. ಬಂದವನು ಆರಿಸಿದ ಆಟ ಮೊದಲು. ಜಗಳ ಎಬ್ಬಿಸುವಂಥ ವಸ್ತು ಏನಾದರೂ ಇದ್ದರೆ ಒಳಗಿಡಿ, ಮೊಬೈಲನ್ನೂ ಒಳಗಿಡಿ. ನೀವು ಅಡಿಗೆಮನೆಯಲ್ಲಿರಿ, ಕಿವಿ ಮಾತ್ರ ಅತ್ತ ಇರಲಿ, ಮಧ್ಯೆ ಬಾಯಿ ಹಾಕಬೇಡಿ. ಒಂದು ಗಂಟೆ ಸಾಕು. ಬಿಸಿ ಮಿರ್ಚಿ ಕೊಟ್ಟು, ಆಟ ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ 'ಇವತ್ತಿಗೆ ಸಾಕ್ರಪ್ಪಾ' ಅನ್ನಿ. ರೈಲಿನ ಬಗ್ಗೆ ಮಾತೇ ಬೇಡ ಅಂತ ಮಗನಿಗೆ ಹೇಳಬೇಡಿ. ಒಂದು ರೈಲಿನ ಬಗ್ಗೆ ಹೇಳಿ, ಆಮೇಲೆ ಆ ಹುಡುಗನಿಗೆ 'ನೀ ಯಾವ ರೈಲ್ನ್ಯಾಗ ಹೋಗೀದಿ?' ಅಂತ ಕೇಳಿ ಉತ್ತರ ಮುಗಿಯುವವರೆಗೆ ಕಾಯಬೇಕು ಅಂತ ಹೇಳಿ.